ಹಿಂಬದಿಯ ನಂಬರ್ ನೋಡಿ ಕೊಳ್ಳಬೇಡಿ: ಓದು ಕಲಿಯುವ ಮಗುವಿಗೆ ಕನ್ನಡ ಪುಸ್ತಕ ಆರಿಸುವ ಬಗೆ

ಮಕ್ಕಳ ಪುಸ್ತಕದ ಹಿಂಬದಿಯಲ್ಲಿ ‘ಹಂತ 1’ ಎಂದು ಅಚ್ಚಾಗಿದೆ ಅಂತ ಕಣ್ಣುಮುಚ್ಚಿ ತಂದುಬಿಡಬೇಡಿ. ನಡುವಿನ ಒಂದು ಪುಟ ತೆರೆದು ಬಾಯಿಬಿಟ್ಟು ಓದಿ. ಮೊದಲ ಪುಟ ಬೇಡ, ಅದನ್ನು ಎಲ್ಲರೂ ಸುಲಭವಾಗಿಯೇ ಬರೆದಿರುತ್ತಾರೆ. ನಡುವಿನ ಪುಟದಲ್ಲಿ ನಿಮ್ಮ ನಾಲಿಗೆಯೇ ಎರಡು ಕಡೆ ತಡವರಿಸಿದರೆ, ಮೊನ್ನೆ ಮೊನ್ನೆ ಕಾಗುಣಿತ ಹಿಡಿದ ಮಗುವಿನ ಗತಿ ಏನಾದೀತು ಲೆಕ್ಕ ಹಾಕಿ.

ನಾನು ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆ ವರ್ಷಗಟ್ಟಲೆ ನೆಲದ ಮೇಲೆ ಕೂತು, ಸರ್ಕಾರಿ ಶಾಲೆಗಳ ಚಟುವಟಿಕೆ ಪದ್ಧತಿಯಾದ ನಲಿ-ಕಲಿಯ ಕಾರ್ಡು ಹಿಡಿದು ಪಾಠ ಮಾಡಿದವಳು. ಈಗ ಶಾಲೆಯ ಓದುವ ಮೂಲೆಯೂ ನನ್ನದೇ ಉಸ್ತುವಾರಿ. ಅಪ್ಪ ಅಮ್ಮಂದಿರು ಬಂದು ಕೇಳುವುದು ಒಂದೇ ಪ್ರಶ್ನೆ: “ಮೇಡಂ, ಇವನಿಗೆ ಯಾವ ಲೆವೆಲ್ ಬುಕ್ ಕೊಡಿಸ್ಲಿ?” ಯಾವ ಲೆವೆಲ್ ಅನ್ನುವುದಕ್ಕಿಂತ ಆ ಲೆವೆಲ್ಲನ್ನು ಯಾವುದರ ಮೇಲೆ ಎಣಿಸಿದ್ದಾರೆ ಅನ್ನುವುದು ಮುಖ್ಯ, ಅಲ್ಲಿಂದಲೇ ಶುರುಮಾಡೋಣ.

ಪದ ಎಣಿಸಿದರೆ ಕನ್ನಡದ ತೂಕ ಸಿಗುವುದಿಲ್ಲ

ಹಂತದ ಪುಸ್ತಕಗಳನ್ನು ಸಾಮಾನ್ಯವಾಗಿ ಪದಗಳ ಸಂಖ್ಯೆಯ ಮೇಲೆ ವಿಂಗಡಿಸುತ್ತಾರೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣವನ್ನೇ ತೆಗೆದುಕೊಳ್ಳಿ. ಅಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದರಲ್ಲಿ 250 ಪದಗಳ ಒಳಗೆ, ಎರಡನೆಯದರಲ್ಲಿ 600ರವರೆಗೆ, ಮೂರನೆಯದರಲ್ಲಿ 1500ರವರೆಗೆ, ಅದಕ್ಕೂ ಮೇಲೆ ಹೋದರೆ ನಾಲ್ಕು. ಪದ ಮರುಕಳಿಸಬೇಕು, ವಾಕ್ಯ ಸರಳವಾಗಿರಬೇಕು ಅನ್ನುವ ಸೂಚನೆಗಳೂ ಇವೆ. ಪುಕ್ಕಟೆ ಸಿಗುವ ಪುಸ್ತಕಗಳಲ್ಲಿ ಇಷ್ಟು ದೊಡ್ಡ ರಾಶಿ ನನಗೆ ಬೇರೆಲ್ಲೂ ಕಂಡಿಲ್ಲ, ನಮ್ಮ ಮೂಲೆಯ ಅರ್ಧ ಪುಸ್ತಕ ಅಲ್ಲಿಂದಲೇ ಬಂದದ್ದು. ಆದರೂ ಪದದ ಎಣಿಕೆ ಕನ್ನಡಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಈ ಎರಡನ್ನು ನೋಡಿ:

ಕಾಡೊಂದರಲ್ಲಿ ಸಿಂಹವೊಂದು ವಾಸಿಸುತ್ತಿತ್ತು.

ಒಂದು ಕಾಡು. ಅಲ್ಲಿ ಒಂದು ಸಿಂಹ ಇತ್ತು.

ಹೇಳಿದ್ದು ಒಂದೇ ಸಂಗತಿ. ಪದ ಎಣಿಸಿದರೆ ಮೊದಲನೆಯದು ಮೂರು, ಎರಡನೆಯದು ಆರು. ಅಂದರೆ ಲೆಕ್ಕದ ಪ್ರಕಾರ ಎರಡನೆಯದೇ ಉದ್ದ! ಈಗ ಅಕ್ಷರ ಎಣಿಸಿ. ಎರಡನೆಯದರ ಪ್ರತಿ ಪದದಲ್ಲೂ ಎರಡೇ ಅಕ್ಷರ. ಮಗು ಎರಡು ಅಕ್ಷರ ಕೂಡಿಸಿತು, ಪದ ಬಂತು, ಉಸಿರು ಬಿಟ್ಟಿತು, ಮುಂದಿನದಕ್ಕೆ ಹೋಯಿತು. ಮೊದಲನೆಯದರಲ್ಲಿ ‘ವಾಸಿಸುತ್ತಿತ್ತು’ ಎಂಬಲ್ಲಿಗೆ ಬರುವಾಗ ಐದು ಅಕ್ಷರವನ್ನು ತಲೆಯಲ್ಲಿ ಹಿಡಿದಿಡಬೇಕು, ಅದರಲ್ಲೂ ಕೊನೆಯ ಎರಡಕ್ಕೆ ಒತ್ತು. ‘ತ್ತು’ಗೆ ತಲುಪುವಷ್ಟರಲ್ಲಿ ‘ವಾ’ ಮರೆತೇ ಹೋಗಿರುತ್ತದೆ. ‘ಕಾಡೊಂದರಲ್ಲಿ’ ಎಂಬುದರ ಒಳಗೆ ಕಾಡು, ಒಂದು, ಅಲ್ಲಿ ಮೂರೂ ಅವಿತಿವೆ. ಸಂಧಿ ಬಿಡಿಸುವುದು ದೊಡ್ಡವರಿಗೆ ಗೊತ್ತೇ ಆಗದಂತೆ ನಡೆದುಹೋಗುವ ಕೆಲಸ, ಮಗುವಿಗೆ ಹಾಗಲ್ಲ.

ಅನುವಾದದ ಪುಸ್ತಕಗಳಲ್ಲಿ ಇದು ಇನ್ನೂ ಜಾಸ್ತಿ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಒಂದನೇ ಹಂತಕ್ಕೆಂದು ಬರೆದದ್ದು ಕನ್ನಡಕ್ಕೆ ಬರುವಾಗ ಹಂತದ ನಂಬರ್ ಹಾಗೇ ಉಳಿಯುತ್ತದೆ, ವಾಕ್ಯ ಮಾತ್ರ ‘ಕುಳಿತುಕೊಂಡಿತು’, ‘ನೋಡುತ್ತಿದ್ದಳು’ ಎಂದು ಬೆಳೆಯುತ್ತದೆ. ‘ಕೂತಿತು’, ‘ನೋಡಿದಳು’ ಎಂದಿದ್ದರೆ ಕಥೆಗೆ ಏನೂ ನಷ್ಟವಿರಲಿಲ್ಲ. ಅನುವಾದಕರು ಗ್ರಂಥಸ್ಥ ಭಾಷೆಯೇ ಶುದ್ಧ ಎಂದುಕೊಂಡು ಆರು ವರ್ಷದ ಮಗುವಿನ ಮುಂದೆ ಆರಕ್ಷರದ ಕ್ರಿಯಾಪದ ಇಡುತ್ತಾರೆ. ಅವರ ಮೇಲೆ ನನಗೆ ಸಣ್ಣ ಸಿಟ್ಟಿದೆ, ಇರಲಿ.

ಹಾಗಾದರೆ ಏನು ನೋಡಬೇಕು

ಮೊದಲು ಅಕ್ಷರ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ಇದನ್ನು ಒಪ್ಪಿಕೊಂಡೇ ನಡೆದಿದೆ. ಅಲ್ಲಿ ಅ ಆ ಇ ಈ ಇಂದ ಆರಂಭವಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭ, ಜೊತೆಗೆ ಐದೇ ಅಕ್ಷರ ಬಂದ ದಿನವೇ ಅರಸ, ಗರಗಸ, ಸರಸರ ಎಂದು ಮಗು ಪದ ಓದುತ್ತದೆ. ಒಳ್ಳೆಯ ಮೊದಲ ಪುಸ್ತಕವೂ ಇಷ್ಟೇ ಜಿಪುಣ ಆಗಿರಬೇಕು: ಕಡಿಮೆ ಅಕ್ಷರ, ಅವೇ ಮತ್ತೆ ಮತ್ತೆ.

ಆಮೇಲೆ ಕಾಗುಣಿತ. 34 ವ್ಯಂಜನಗಳಿಗೆ ಸ್ವರ ಸೇರಿಸುತ್ತ ಹೋದರೆ 400ಕ್ಕೂ ಹೆಚ್ಚು ರೂಪ ಆಗುತ್ತವೆ. ಎಲ್ಲವೂ ಒಂದೇ ಕಷ್ಟವಲ್ಲ. ಇಳಿ, ಗುಡಿಸು, ಕೊಂಬು ಬೇಗ ಹತ್ತುತ್ತವೆ. ಪು, ವು ಎಂಬಲ್ಲಿ ಕೊಂಬು ಬೇರೆ ಅಕ್ಷರಗಳಿಗಿಂತ ಕೆಳಗೆ ಇಳಿದು ಕೂರುವುದರಿಂದ ಮಕ್ಕಳು ಅಲ್ಲಿ ನಿಲ್ಲುತ್ತಾರೆ. ಕಿ–ಕೀ, ಕೆ–ಕೇ, ಕೊ–ಕೋ ಜೋಡಿಗಳಲ್ಲಿ ದೀರ್ಘದ ಗುರುತು ಬಾಲದಂತೆ ಪಕ್ಕದಲ್ಲಿರುತ್ತದೆ, ಕಣ್ಣು ಅದನ್ನು ಹಾರಿಸಿಬಿಡುತ್ತದೆ. ಘ, ಝ, ಛ, ಢ ಇರುವ ಪದ ಮೊದಲ ಪುಸ್ತಕದಲ್ಲಿ ಇಲ್ಲದಿದ್ದರೆ ಯಾರೂ ಅಳುವುದಿಲ್ಲ.

ಒತ್ತಕ್ಷರದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಅಕ್ಕ, ಅಜ್ಜ, ಹಬ್ಬ, ಹಳ್ಳ ಎಂಬಲ್ಲಿ ಕೆಳಗಿನ ಒತ್ತು ಅಕ್ಷರದ ಹಾಗೆಯೇ ಕಾಣುತ್ತದೆ, ತಲೆಕಟ್ಟು ಮಾತ್ರ ಇಲ್ಲ. ಮಗು ತಾನೇ ಊಹಿಸಬಲ್ಲದು. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ, ಹೇಳಿಕೊಡದೆ ಬರುವುದಿಲ್ಲ. ನಮ್ಮ ದಿನದ ಮಾತು ನಿಂತಿರುವುದೋ ಇವುಗಳ ಮೇಲೆಯೇ: ಅಮ್ಮ, ನನ್ನ, ಇಲ್ಲ, ಇತ್ತು, ಅಯ್ಯೋ. ಹಾಗಾಗಿ ‘ಒತ್ತಕ್ಷರವೇ ಇಲ್ಲದ’ ಪುಸ್ತಕ ಹುಡುಕಿಕೊಂಡು ಅಲೆಯಬೇಡಿ, ಸಿಕ್ಕಿದರೂ ಅದರ ಕನ್ನಡ ಯಾರೂ ಆಡದ ಕನ್ನಡ ಆಗಿರುತ್ತದೆ. ಇಂಥ ಹತ್ತು ಹನ್ನೆರಡು ಪದಗಳನ್ನು ಮಗು ಇಡಿಯಾಗಿ ಗುರುತು ಹಿಡಿಯಲಿ, ಒತ್ತಿನ ಪಾಠ ಆಮೇಲೆ ಬರಲಿ.

ವಿಜಾತಿ ಒತ್ತು, ಅಂದರೆ ಪುಸ್ತಕ, ಚಂದ್ರ, ಕಷ್ಟ ಇಂಥವು ಇನ್ನೊಂದು ಮೆಟ್ಟಿಲು ಮೇಲೆ. ಎಲ್ಲಕ್ಕಿಂತ ಕೊನೆಗೆ ಅರ್ಕಾವತ್ತು. ‘ಸೂರ್ಯ’ದಲ್ಲಿ ರ್ ಸದ್ದು ಮೊದಲು ಬರುತ್ತದೆ, ಅದರ ಗುರುತು ಯ ಆದ ಮೇಲೆ ಇರುತ್ತದೆ. ಕಣ್ಣು ಹೋಗುವ ಕ್ರಮ ಒಂದು, ಬಾಯಿ ನುಡಿಯುವ ಕ್ರಮ ಇನ್ನೊಂದು.

ಇಷ್ಟೆಲ್ಲ ಇರುವುದರಿಂದಲೇ ಕನ್ನಡದ ಮಗುವಿಗೆ ಓದು ಪೂರ್ತಿ ಕೈವಶವಾಗಲು ಸಮಯ ಹಿಡಿಯುತ್ತದೆ. ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡದ ಅಕ್ಷರ ಕಲಿಕೆ ಮೂರು, ನಾಲ್ಕನೇ ತರಗತಿವರೆಗೂ ಮುಂದುವರಿಯುವುದು ಕಂಡುಬಂತು. ಪಕ್ಕದ ಮನೆಯ ಮಗು ಒಂದನೇ ತರಗತಿಯಲ್ಲೇ ಇಂಗ್ಲಿಷ್ ಎ ಬಿ ಸಿ ಮುಗಿಸಿತು, ನಮ್ಮದು ಎರಡರಲ್ಲೂ ಒತ್ತು ನುಂಗುತ್ತಿದೆ ಎಂದು ಕೊರಗುವವರು ಇದನ್ನು ನೆನಪಿಟ್ಟುಕೊಳ್ಳಿ. 26 ಅಕ್ಷರದ ಜೊತೆ ಹೋಲಿಕೆಯೇ ಸಲ್ಲ.

ಅಚ್ಚನ್ನೂ ನೋಡಿ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿಕೊಂಡಿರುತ್ತದೆ. ಚಿತ್ರದ ಮೇಲೆ, ಅದೂ ಕಡುಬಣ್ಣದ ಮೇಲೆ, ಅಕ್ಷರ ಅಚ್ಚಾಗಿದ್ದರೆ ಆ ಪುಸ್ತಕ ಓದಿಸಿಕೊಳ್ಳಲಿಕ್ಕೆ ಸರಿ, ಓದಲಿಕ್ಕೆ ಅಲ್ಲ. ಸಾಲಿನ ತುದಿಯಲ್ಲಿ ಪದವನ್ನು ಎರಡು ತುಂಡು ಮಾಡಿ ಮುಂದಿನ ಸಾಲಿಗೆ ತಳ್ಳಿದ ಪುಸ್ತಕವನ್ನು ನಾನು ಅಲ್ಲೇ ಮುಚ್ಚಿಡುತ್ತೇನೆ.

ನನ್ನ ಬಣ್ಣದ ಟೇಪು

ಪ್ರಕಾಶಕರ ನಂಬರ್ ಏನೇ ಇರಲಿ, ಮೂಲೆಗೆ ಬಂದ ಪ್ರತಿ ಪುಸ್ತಕಕ್ಕೂ ನಾನು ಓದಿ ನೋಡಿ ಒಂದು ಬಣ್ಣದ ಟೇಪು ಅಂಟಿಸುತ್ತೇನೆ. ಪುಟಕ್ಕೆ ಎರಡು ಮೂರು ಪದ, ಒಂದೇ ಸಾಲು ಮರುಕಳಿಸುತ್ತದೆ, ಪದವೊಂದರಲ್ಲಿ ಮೂರು ನಾಲ್ಕು ಅಕ್ಷರ ಮೀರುವುದಿಲ್ಲ ಅಂದರೆ ಹಳದಿ. ಕಾಗುಣಿತ ಪೂರ್ತಿ ಬರುತ್ತದೆ, ಸಜಾತಿ ಒತ್ತು ಧಾರಾಳ ಇದೆ, ವಿಜಾತಿ ಒಂದೋ ಎರಡೋ ಅಂದರೆ ಹಸಿರು. ವಿಜಾತಿ ಒತ್ತುಗಳು, ಪುಟಕ್ಕೆ ಮೂರು ನಾಲ್ಕು ವಾಕ್ಯ, ಪಾತ್ರಗಳ ಮಾತುಕತೆ ಬಂದರೆ ನೀಲಿ. ಸಂಧಿಪದ, ಅರ್ಕಾವತ್ತು, ಆರಕ್ಷರದ ಕ್ರಿಯಾಪದ ಎಲ್ಲ ಬಂದರೆ ಕೆಂಪು. ಪ್ರಕಾಶಕರ ‘ಹಂತ 1’ ಪುಸ್ತಕ ನನ್ನಲ್ಲಿ ನೀಲಿಯಾದದ್ದುಂಟು, ‘ಹಂತ 2’ ಹಸಿರಾದದ್ದೂ ಉಂಟು.

ಟೇಪನ್ನು ಬೆನ್ನಿಗೆ ಅಂಟಿಸಬೇಡಿ. ಹಿಂದಿನ ರಕ್ಷಾಪುಟದ ಒಳಬದಿಗೆ ಅಂಟಿಸಿ. ಹೊರಗೆ ಕಂಡರೆ ಒಂದೇ ವಾರದಲ್ಲಿ ಅದು ರ‍್ಯಾಂಕ್ ಆಗುತ್ತದೆ: “ನೀನಿನ್ನೂ ಹಳದಿನಾ?” ಒಬ್ಬ ಹಾಗೆ ಕೇಳಿದ ಅಂದರೆ ಇನ್ನೊಬ್ಬ ಆ ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಮನೆಯಲ್ಲಿ ಅಣ್ಣ ತಮ್ಮ ಇದ್ದರೂ ಇದೇ ಕಥೆ.

ಮಗುವಿಗೆ ಹೊಂದುತ್ತದೋ ಇಲ್ಲವೋ

ಐದು ಬೆರಳಿನ ಪರೀಕ್ಷೆ ಎಂದೊಂದು ಪ್ರಚಾರದಲ್ಲಿದೆ. ಒಂದು ಪುಟ ಓದಿಸಿ, ಮಗು ಸಿಕ್ಕಿಬಿದ್ದ ಪದಕ್ಕೊಂದು ಬೆರಳು ಮಡಿಸಿ, ಐದೂ ಮಡಿಸಿದರೆ ಪುಸ್ತಕ ಕಷ್ಟ. ತುಂಬಿದ ಪುಟಕ್ಕೆ ಇದು ಸರಿ. ಹಳದಿ ಪುಸ್ತಕದ ಪುಟದಲ್ಲಿ ಇರುವುದೇ ಎರಡು ಮೂರು ಪದ! ಅಲ್ಲಿ ಒಂದು ಬೆರಳು ಮಡಿಸಿದರೂ ಯೋಚಿಸಬೇಕು. ಪುಟ ಬಿಟ್ಟು ಇಡೀ ಪುಸ್ತಕದ ಲೆಕ್ಕ ಹಿಡಿಯಿರಿ. ಓದಿನ ಶಿಕ್ಷಕರು ಹಿಂದಿನಿಂದ ಬಳಸುವ ಅಳತೆ ಹೀಗಿದೆ: 100 ಪದಕ್ಕೆ 95 ಅಥವಾ ಹೆಚ್ಚು ಸರಿಯಾದರೆ ಮಗು ಒಂಟಿಯಾಗಿ ಓದಬಹುದು, 90ರಿಂದ 94 ಆದರೆ ನೀವು ಪಕ್ಕದಲ್ಲಿರಬೇಕು, ಅದಕ್ಕೂ ಕೆಳಗೆ ಹೋದರೆ ಸದ್ಯಕ್ಕೆ ನೀವೇ ಓದಿ ಹೇಳಿ.

ಸ್ಟಾಪ್‌ವಾಚ್ ಹಿಡಿಯುವವರೂ ಬರುತ್ತಾರೆ. 2021ರಲ್ಲಿ ಬಂದ, ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿಗಳಲ್ಲಿ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ ಎಂದಿದೆ. ಯಾವ ಪದ ಅನ್ನುವುದೇ ನನ್ನ ಪ್ರಶ್ನೆ: ‘ಇತ್ತು’ ಒಂದು ಪದ, ‘ವಾಸಿಸುತ್ತಿತ್ತು’ ಕೂಡ ಒಂದೇ ಪದ. ಮನೆಯಲ್ಲಿ ಗಡಿಯಾರ ಬೇಡವೇ ಬೇಡ.

ತಪ್ಪನ್ನು ಎಣಿಸುವುದಕ್ಕಿಂತ ಅದು ಯಾವ ಜಾತಿಯದು ನೋಡಿ. ಹಕ್ಕಿ ‘ಹಕಿ’ ಆದರೆ ಒತ್ತು ಕಾಣುತ್ತಿಲ್ಲ. ಚಿತ್ರದಲ್ಲಿ ನಾಯಿ ಇದೆ, ಅಚ್ಚಿನಲ್ಲಿ ‘ಮರಿ’ ಇದೆ, ಮಗು ‘ನಾಯಿ’ ಅಂದರೆ ಅದು ಚಿತ್ರ ಓದುತ್ತಿದೆ, ಅಕ್ಷರವನ್ನಲ್ಲ. ಅಂಥ ಮಗುವಿಗೆ ಒಂದೆರಡು ದಿನ ಚಿತ್ರದ ಮೇಲೆ ಕಾಗದ ಮುಚ್ಚಿ ಓದಿಸಿ, ಓದಿದ ಮೇಲೆ ಕಾಗದ ಸರಿಸಿ ತೋರಿಸಿ. ಅದೊಂದು ಆಟವೂ ಆಗುತ್ತದೆ.

ಒಂದು ಜಾತಿಯ ‘ತಪ್ಪು’ ತಪ್ಪೇ ಅಲ್ಲ. ಪುಸ್ತಕದಲ್ಲಿ ‘ಹೋಗುತ್ತಾನೆ’ ಅಂತಿದೆ, ಮಗು ‘ಹೋಗ್ತಾನೆ’ ಎಂದು ಓದಿತು. ಅಥವಾ ‘ಇದೆ’ ಎಂಬುದನ್ನು ‘ಐತೆ’ ಎಂದಿತು. ಖುಷಿಪಡಿ! ಅಕ್ಷರ ನೋಡಿ, ಅರ್ಥ ಹಿಡಿದು, ತನ್ನ ಮನೆಮಾತಿನಲ್ಲಿ ಹೇಳಿದೆ. ಇದನ್ನು ಕೆಂಪು ಶಾಯಿಯಲ್ಲಿ ತಿದ್ದುವವರು ಓದನ್ನೂ ಉಚ್ಚಾರಣೆಯನ್ನೂ ಒಂದೇ ಚೀಲಕ್ಕೆ ತುರುಕುತ್ತಾರೆ. ಗ್ರಂಥಭಾಷೆ ತಾನಾಗಿ ಬರುತ್ತದೆ, ಅದಕ್ಕೆ ಬೇಕಾದಷ್ಟು ವರ್ಷಗಳಿವೆ.

ಪಕ್ಕದಲ್ಲಿ ಕೂತಾಗ

ಪುಸ್ತಕ ಮಗುವಿನ ಕೈಯಲ್ಲಿರಲಿ, ಪುಟ ತಿರುಗಿಸುವುದೂ ಅದರದೇ ಕೆಲಸ. ಸಿಕ್ಕಿಬಿದ್ದಾಗ ಕೂಡಲೇ ಪದ ಹೇಳಿಬಿಡಬೇಡಿ, ಮನಸ್ಸಿನಲ್ಲೇ ಐದು ಎಣಿಸಿ. ನಮ್ಮಲ್ಲೊಬ್ಬ ಹುಡುಗ ‘ಹಕ್ಕಿ ಹಾರಿತು’ ಎಂಬುದನ್ನು ‘ಹಕ್ಕಿ ಹರಿತು’ ಎಂದು ಓದಿ ಮುಂದೆ ಹೋದ. ನಾನು ಸುಮ್ಮನಿದ್ದೆ. ಮುಂದಿನ ಸಾಲಿನ ಅರ್ಧಕ್ಕೆ ನಿಂತು, ಹಿಂದೆ ಬಂದು, “ಹರಿಯೋದು ನೀರಲ್ವಾ?” ಎಂದು ತನಗೆ ತಾನೇ ಕೇಳಿಕೊಂಡು, ‘ಹಾ’ ಮೇಲೆ ಬೆರಳಿಟ್ಟು ‘ಹಾರಿತು’ ಎಂದ. ನಾನು ನಡುವೆ ಬಾಯಿ ಹಾಕಿದ್ದರೆ ಇಳಿಯನ್ನು ನೋಡುವ ಕೆಲಸ ನನ್ನದಾಗುತ್ತಿತ್ತು.

ಉದ್ದ ಪದ ಬಂದಾಗ ಹೆಬ್ಬೆರಳು ಬಳಸಿ. ‘ಓಡಿಹೋಗುತ್ತಿದ್ದನು’ ಎಂದಿದೆ ಅನ್ನಿ. ‘ಓಡಿ’ ಮಾತ್ರ ಕಾಣುವಂತೆ ಉಳಿದದ್ದನ್ನು ಮುಚ್ಚಿ, ಓದಲಿ. ‘ಹೋಗು’ವರೆಗೆ ಸರಿಸಿ. ಆಮೇಲೆ ‘ತ್ತಿದ್ದನು’. ಮೂರನ್ನೂ ಓದಿಸಿ ಬೆರಳು ತೆಗೆದು ಒಂದೇ ಉಸಿರಿಗೆ ಹೇಳಿಸಿ. ಈ ‘ತ್ತಿದ್ದ’, ‘ಗಳಲ್ಲಿ’, ‘ಕೊಂಡು’, ‘ಯಿಂದ’ ಬಾಲಗಳು ಪುಟಪುಟಕ್ಕೂ ಬರುತ್ತವೆ. ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಇಡಿಯಾಗಿ ಕಣ್ಣಿಗೆ ರೂಢಿಯಾಗಲಿ. ನೀಲಿಯಿಂದ ಕೆಂಪಿಗೆ ಹೋಗುವಾಗ ಇದಕ್ಕಿಂತ ಉಪಕಾರಿ ಉಪಾಯ ನನಗೆ ಸಿಕ್ಕಿಲ್ಲ.

ಒಂದೊಂದೇ ಅಕ್ಷರ ಎಳೆದು ‘ಬ... ಸ... ವ...’ ಎಂದು ಓದುವ ಮಗುವಿಗೆ ಹೊಸ ಪುಸ್ತಕ ಕೊಡಬೇಡಿ, ಅದೇ ಪುಸ್ತಕ ನಾಳೆ ಮತ್ತೆ ಕೊಡಿ. “ಬಾಯಿಪಾಠ ಮಾಡಿಬಿಟ್ಟಿದ್ದಾನೆ ಮೇಡಂ” ಎಂದು ದೂರುವವರಿಗೆ ನಾನು ಹೇಳುವುದು: ಕೊನೆಯ ಪುಟದಿಂದ ಮೊದಲ ಪುಟದ ಕಡೆಗೆ ಓದಿಸಿ ನೋಡಿ, ಗೊತ್ತಾಗುತ್ತದೆ.

ಹೊಂದುವ ಪುಸ್ತಕ ಸಿಗದಿದ್ದರೆ

ಹಳದಿ ಪುಸ್ತಕಗಳ ಬರ ಕನ್ನಡದಲ್ಲಿ ಯಾವಾಗಲೂ ಇದೆ. ನೀವೇ ಮಾಡಿ. ಒಂದು ಎ4 ಹಾಳೆಯನ್ನು ಎಂಟು ಮನೆ ಆಗುವಂತೆ ಮಡಿಸಿ, ಬಿಚ್ಚಿ. ಅಗಲಕ್ಕೆ ಅರ್ಧ ಮಡಿಸಿ, ಮಡಿಕೆಯ ಕಡೆಯಿಂದ ನಡುವಿನ ಗೆರೆಯ ಮೇಲೆ ಒಂದು ಮನೆಯಷ್ಟು ಉದ್ದ ಕತ್ತರಿಸಿ. ಈಗ ಉದ್ದಕ್ಕೆ ಮಡಿಸಿ ಎರಡೂ ತುದಿಯಿಂದ ಒಳಕ್ಕೆ ಒತ್ತಿದರೆ ಎಂಟು ಪುಟದ ಪುಸ್ತಕ ನಿಲ್ಲುತ್ತದೆ. ಹೊಲಿಗೆ ಬೇಡ, ಅಂಟು ಬೇಡ. ಮುಂದೆ ಹಿಂದೆ ರಕ್ಷಾಪುಟ, ಒಳಗೆ ಆರು ಪುಟ. ನಾನು ಮಾಡಿದ್ದರಲ್ಲಿ ಮಕ್ಕಳು ಹರಿದು ಚಿಂದಿಯಾಗುವವರೆಗೆ ಓದಿದ್ದು ಇದು, ಹೆಸರು ‘ಗರಗಸ’:

ಬಸವ ಬಂದ.
ಗರಗಸ ತಂದ.
ಗರಗರ ಗರಗರ.
ಅರಸ ಬಂದ.
ಅರಸ ಕಂಡ.
ಬಸವ ಗಡಗಡ!

ಹತ್ತು ಅಕ್ಷರ, ಒಂದು ಸೊನ್ನೆ. ಕಾಗುಣಿತವೇ ಬರದ ಮಗು ಪೂರ್ತಿ ಪುಸ್ತಕ ಓದಿ ಮುಗಿಸುತ್ತದೆ. ಬಸವ ಕಡಿದದ್ದು ಯಾರ ಮರ ಎಂದು ಎಲ್ಲೂ ಬರೆದಿಲ್ಲ, ಅದು ಚಿತ್ರದಲ್ಲಿರಲಿ. ಕೊನೆಯ ಪುಟಕ್ಕೆ ಬಂದು ನಗದ ಮಗುವನ್ನು ಮತ್ತೆ ಮೊದಲಿನಿಂದ ಓದಿಸಿ, ಅಕ್ಷರ ಬಂದಿದೆ, ಕಥೆ ಬಂದಿಲ್ಲ ಅಂತ ಅರ್ಥ. ಬರೆಯುವಾಗ ಮೊದಲು ಮಗುವಿಗೆ ಬರುವ ಅಕ್ಷರಗಳ ಪಟ್ಟಿ ಮಾಡಿ, ಆಮೇಲೆ ಅವುಗಳಿಂದ ಕಥೆ ಹುಡುಕಿ. ಕಥೆ ಮೊದಲು ಹೊಳೆದರೆ ಖಂಡಿತ ಎಲ್ಲೋ ಒಂದು ‘ಕ್ಷ’ ನುಸುಳುತ್ತದೆ.

ಸ್ಟೋರಿವೀವರ್ ಕಥೆಗಳಿಗೆ ಮುಕ್ತ ಪರವಾನಗಿ ಇರುವುದರಿಂದ ಮೂಲ ಬರಹಗಾರರ ಮತ್ತು ಚಿತ್ರಕಾರರ ಹೆಸರು ಉಳಿಸಿಕೊಂಡು ವಾಕ್ಯ ಸರಳ ಮಾಡಿ ಮುದ್ರಿಸಿಕೊಳ್ಳಲೂಬಹುದು. ನಾನು ‘ವಾಸಿಸುತ್ತಿತ್ತು’ಗಳ ಮೇಲೆ ‘ಇತ್ತು’ ಎಂದು ಬರೆದ ಚೀಟಿ ಅಂಟಿಸುತ್ತೇನೆ. ಮಗು ಮೇಲೆ ಹೋದಾಗ ಚೀಟಿ ಕಿತ್ತರೆ ಅದೇ ಪುಸ್ತಕ ಮುಂದಿನ ಹಂತದ್ದಾಗುತ್ತದೆ.

ಮೇಲಕ್ಕೆ, ಕೆಳಕ್ಕೆ, ಹೊರಗೆ

ಒಂದು ಬಣ್ಣದ ನಾಲ್ಕೈದು ಪುಸ್ತಕ ನಿಲ್ಲದೆ ಓದಿತು, ಪ್ರಶ್ನೆ ಇರುವಲ್ಲಿ ದನಿ ಏರಿಸಿತು ಅಂದರೆ ಮುಂದಿನ ಬಣ್ಣದ ಒಂದು ಪುಸ್ತಕ ನಡುವೆ ಇಡಿ. ಹಳೆಯವನ್ನು ತೆಗೆದಿಡಬೇಡಿ. ಜ್ವರ ಬಂದು ಎದ್ದ ಮಗು, ರಜೆ ಮುಗಿಸಿ ಬಂದ ಮಗು ತಾನಾಗಿಯೇ ಹಳದಿ ಕಪಾಟಿಗೆ ಕೈ ಹಾಕುತ್ತದೆ, ಹಾಕಲಿ ಬಿಡಿ.

ನೀವು ಓದಿ ಹೇಳುವ ಪುಸ್ತಕಕ್ಕೆ ಮಾತ್ರ ಈ ಯಾವ ಕಟ್ಟಳೆಯೂ ಇಲ್ಲ. ಹಳದಿ ಓದುವ ಮಗುವಿಗೆ ಸಂಧಿ ಸಮಾಸ ತುಂಬಿದ ದೊಡ್ಡ ಕಥೆಯನ್ನೂ ರಾತ್ರಿ ಓದಿ ಹೇಳಿ. ಕಿವಿಗೆ ಮೊದಲೇ ಬಿದ್ದ ‘ಕಾಡೊಂದರಲ್ಲಿ’ ನಾಳೆ ಅಚ್ಚಿನಲ್ಲಿ ಕಂಡಾಗ ಅಪರಿಚಿತ ಅನ್ನಿಸುವುದಿಲ್ಲ.

ಮೂರನೇ ತರಗತಿ ಮುಗಿಯುತ್ತ ಬಂದರೂ ಹಸಿರಿನಲ್ಲೇ ನಿಂತಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿ, ತರಗತಿಯ ಶಿಕ್ಷಕರ ಜೊತೆ ಕೂತು ಯಾವ ಅಕ್ಷರಗಳಲ್ಲಿ ನಿಲ್ಲುತ್ತಿದೆ ಎಂದು ಪಟ್ಟಿ ಮಾಡಿ. ಬಹುಪಾಲು ಮಕ್ಕಳಲ್ಲಿ ಆ ಪಟ್ಟಿ ಅಂದುಕೊಂಡಷ್ಟು ಉದ್ದ ಇರುವುದಿಲ್ಲ. ಕೆಂಪು ಟೇಪಿನ ಪುಸ್ತಕ ಓದುತ್ತ ಓದುತ್ತ ಅರ್ಕಾವತ್ತು ಬಂದರೂ ಗಮನಿಸದೆ ಕಥೆಯ ಹಿಂದೆಯೇ ಓಡುವ ಮಗುವಿಗೆ ಇನ್ನು ಹಂತ ಬೇಡ, ಕಪಾಟಿನ ಉಳಿದ ಪುಸ್ತಕಗಳನ್ನು ಬಿಟ್ಟುಕೊಡಿ. ಅವುಗಳಿಗೆ ನಾನು ಟೇಪು ಅಂಟಿಸಿಯೇ ಇಲ್ಲ.